ನನ್ನ ಜಾಗ, ನೆರೆಮನೆಯ ನೀರು

2022ರ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಭಟ್ಕಳದಲ್ಲಿ ಸುರಿದ ಮಳೆಯನ್ನು ಈ ಊರಿನವರು ಬೇಗ ಮರೆಯಲಾರರು. ಒಂದು ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಪೇಟೆಯ ತಗ್ಗಿನ ಭಾಗಗಳೆಲ್ಲ ನೀರಿನಲ್ಲಿದ್ದವು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಣ್ಣಿನಡಿ ಸಿಕ್ಕಿ ಪ್ರಾಣ ಬಿಟ್ಟರು. ಆ ದೊಡ್ಡ ದುಃಖದ ಮುಂದೆ ನಾನು ಹೇಳಹೊರಟಿರುವುದು ತೀರಾ ಸಣ್ಣ ಸಂಗತಿ. ಆದರೆ ನನ್ನನ್ನು ಈ ಲೇಖನಕ್ಕೆ ಕೂರಿಸಿದ್ದು ಅದೇ.

ನನ್ನ ಮನೆಯ ಹಿಂದೆ, ಸ್ವಲ್ಪ ತಗ್ಗಿನಲ್ಲಿ, ಒಬ್ಬ ವೃದ್ಧೆಯ ಹಂಚಿನ ಮನೆಯಿದೆ. ಅಂದು ಬೆಳಿಗ್ಗೆ ಅವರ ಅಡುಗೆಮನೆಯಲ್ಲಿ ಮೊಣಕಾಲಿನವರೆಗೆ ನೀರಿತ್ತು. ಬಾವಿಗೂ ಕೆಸರು ನೀರು ಇಳಿದಿತ್ತು. ನಾವು ಎರಡು ಮನೆಯ ಹುಡುಗರು ಸೇರಿ ಅಕ್ಕಿ ಚೀಲ, ಹಾಸಿಗೆಗಳನ್ನು ಮೇಲೆ ಸಾಗಿಸಿದೆವು. ಎಲ್ಲ ಮುಗಿದು ಚಹಾ ಕುಡಿಯುವಾಗ ಆಕೆ ಸಿಟ್ಟಿಲ್ಲದೆ ಹೇಳಿದರು: “ಮೊದ್ಲು ಈ ನೀರು ನಿಮ್ಮ ಗದ್ದೇಲಿ ನಿಲ್ತಿತ್ತು ಸಾಹೇಬ್ರೆ. ಈಗ ಅದಾದ್ರೂ ಎಲ್ಲಿಗೆ ಹೋಗ್ಬೇಕು?”

ನನ್ನಲ್ಲಿ ಉತ್ತರವಿರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಆ ಗದ್ದೆಯನ್ನು ಕೊಂಡು, ಲಾರಿಗಟ್ಟಲೆ ಕೆಂಪು ಮಣ್ಣು ತುಂಬಿಸಿ, ಸುತ್ತ ಚಿರೆಕಲ್ಲಿನ ಪಾಗಾರ ಕಟ್ಟಿ ಮನೆ ಮಾಡಿದವನು ನಾನೇ. ಮಾರಿದವರು ಇಷ್ಟಪಟ್ಟು ಮಾರಿದ್ದರು, ನಾನು ನ್ಯಾಯವಾದ ಬೆಲೆಯನ್ನೇ ಕೊಟ್ಟಿದ್ದೆ. ಯಾರಿಗೂ ಮೋಸವಾಗಿರಲಿಲ್ಲ. ಆದರೆ ಆ ವ್ಯವಹಾರದಲ್ಲಿ ಮೂರನೆಯವರೊಬ್ಬರು ಇದ್ದರು. ಅವರನ್ನು ನಾವಿಬ್ಬರೂ ಕೇಳಿರಲಿಲ್ಲ.

ಭೂಮಿಯನ್ನು ಯಾವ ಕೆಲಸಕ್ಕೆ ಬಳಸಬೇಕು, ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಕೂಡದು ಎಂದು ಸರಕಾರ ಗೆರೆ ಎಳೆಯುವುದಕ್ಕೆ ವಲಯ ನಿಯಮ ಎನ್ನುತ್ತಾರೆ. ನಮ್ಮ ರಾಜ್ಯದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದಕ್ಕೆ ಆಧಾರ. ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಪರಿವರ್ತಿಸಲು 1964ರ ಭೂಕಂದಾಯ ಕಾಯ್ದೆಯಂತೆ ಅನುಮತಿ ಬೇಕು. ಕರಾವಳಿಯವರಾದ ನಮಗೆ ಇದರ ಮೇಲೆ 1991ರ ಫೆಬ್ರವರಿಯಿಂದ ಸಿ.ಆರ್.ಝಡ್. ಎಂಬ ಇನ್ನೊಂದು ಗೆರೆಯೂ ಇದೆ. ಮುಕ್ತ ಮಾರುಕಟ್ಟೆಯ ಕಾಲದಲ್ಲಿ ಈ ಗೆರೆಗಳು ಬೇಕೇ? ನನ್ನ ಭೂಮಿ, ನನ್ನ ದುಡ್ಡು, ನನ್ನ ಮನೆ, ಸರಕಾರಕ್ಕೇನು ಕೆಲಸ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಐದು ಗುಂಟೆ ಜಾಗದಲ್ಲಿ ಮನೆ ಕಟ್ಟಲು ಹೊರಟ ಯಾರನ್ನಾದರೂ ಕೇಳಿ. ಪಹಣಿ, ನಕ್ಷೆ, ಭೂ ಪರಿವರ್ತನೆ, ಫಾರಂ 9 ಮತ್ತು 11, ಸಿ.ಆರ್.ಝಡ್. ನಿರಾಕ್ಷೇಪಣೆ ಎಂದು ಅಲೆಯುತ್ತಾ ಚಪ್ಪಲಿ ಸವೆಯುತ್ತದೆ. ಕೊಲ್ಲಿಯಿಂದ ಒಂದು ತಿಂಗಳ ರಜೆಯಲ್ಲಿ ಬಂದವನ ರಜೆಯೆಲ್ಲ ಕಚೇರಿಯ ಬೆಂಚಿನ ಮೇಲೆ ಮುಗಿಯುತ್ತದೆ. ಎಲ್ಲಿ ಅನುಮತಿಯಿದೆಯೋ ಅಲ್ಲಿ ದಲ್ಲಾಳಿ ಇದ್ದಾನೆ. ಬಲ್ಲವನ ಫೈಲು ಓಡುತ್ತದೆ, ಇಲ್ಲದವನ ಫೈಲು ಮಲಗುತ್ತದೆ. ನಿಯಮ ಹೆಚ್ಚಿದಷ್ಟೂ ಅದನ್ನು ಮಾರಿಕೊಳ್ಳುವವರೂ ಹೆಚ್ಚುತ್ತಾರೆ ಎಂಬ ಮಾರುಕಟ್ಟೆವಾದಿಗಳ ಮಾತು ನಮ್ಮ ಅನುಭವಕ್ಕೆ ವಿರುದ್ಧವಾಗಿಲ್ಲ.

ಅವರ ವಾದದಲ್ಲಿ ಇನ್ನೂ ಗಟ್ಟಿಯಾದ ಭಾಗವಿದೆ. ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1960ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ಸಾರ ಹೀಗಿದೆ: ಹಕ್ಕುಗಳು ಸ್ಪಷ್ಟವಾಗಿದ್ದು, ಮಾತುಕತೆಗೆ ಖರ್ಚಿಲ್ಲದಿದ್ದರೆ, ಒಬ್ಬನ ಕೆಲಸದಿಂದ ಇನ್ನೊಬ್ಬನಿಗಾಗುವ ತೊಂದರೆಯನ್ನು ಅವರಿಬ್ಬರೇ ಕೊಟ್ಟು ತೆಗೆದು ಬಗೆಹರಿಸಿಕೊಳ್ಳಬಲ್ಲರು. ಅಮೆರಿಕದ ಹ್ಯೂಸ್ಟನ್ ನಗರವನ್ನು ಉದಾಹರಣೆಯಾಗಿ ತೋರಿಸುತ್ತಾರೆ. ಅಲ್ಲಿನ ಜನ 1948, 1962 ಮತ್ತು 1993ರಲ್ಲಿ ಮೂರು ಬಾರಿ ಮತ ಹಾಕಿ ವಲಯ ನಿಯಮ ಬೇಡವೆಂದರು. ನಗರ ಬೆಳೆಯಿತು. ಮನೆಗಳೂ ಬೇರೆ ದೊಡ್ಡ ನಗರಗಳಿಗಿಂತ ಅಗ್ಗವಾಗಿಯೇ ಸಿಗುತ್ತಾ ಬಂದವು.

ಆದರೆ ಹ್ಯೂಸ್ಟನ್ನಿನಲ್ಲಿ ಗೆರೆಗಳೇ ಇಲ್ಲವೆಂದಲ್ಲ. ಅಲ್ಲಿ ಬಡಾವಣೆಯ ಕ್ರಯಪತ್ರದಲ್ಲೇ ಷರತ್ತುಗಳಿರುತ್ತವೆ: ಇಲ್ಲಿ ಅಂಗಡಿ ಹಾಕಬಾರದು, ಇಷ್ಟು ಜಾಗ ಬಿಡಬೇಕು ಎಂದು. ಅಂದರೆ ಸರಕಾರ ಎಳೆಯದ ಗೆರೆಯನ್ನು ಮಾಲೀಕರು ಎಳೆದುಕೊಂಡರು. ಮನುಷ್ಯರು ಒತ್ತಾಗಿ ಬದುಕುವಲ್ಲಿ ಗೆರೆ ಇದ್ದೇ ಇರುತ್ತದೆ. ಹಾಗಾಗಿ ಪ್ರಶ್ನೆ ಗೆರೆ ಬೇಕೇ ಬೇಡವೇ ಎಂಬುದಲ್ಲ. ಅದನ್ನು ಎಳೆಯುವವರು ಯಾರು, ಎಳೆಯುವಾಗ ಯಾರ ಮಾತನ್ನು ಕೇಳುತ್ತಾರೆ ಎಂಬುದೇ ಪ್ರಶ್ನೆ.

ಕೋಸ್ ಹೇಳಿದ ಮಾತುಕತೆಯಲ್ಲಿ ಕುಳಿತುಕೊಳ್ಳಲು ಒಂದು ಅರ್ಹತೆ ಬೇಕು: ಕೈಯಲ್ಲಿ ಹಕ್ಕುಪತ್ರವಿರಬೇಕು. ಅದಿಲ್ಲದವರ ಗತಿಯೇನು? ಇದನ್ನು ತಿಳಿಯಲು ಕುಮಟಾದ ಅಘನಾಶಿನಿಯ ಅಳಿವೆಗೆ ಹೋಗಬೇಕು. ಇಳಿತದ ಹೊತ್ತಿನಲ್ಲಿ ಹೆಂಗಸರು, ಗಂಡಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಾರೆ. ನದಿಯ ಆ ಕೆಸರಿಗೆ ಪಹಣಿಯಿಲ್ಲ. ಹೆಕ್ಕುವವರ ಹೆಸರು ಯಾವ ದಾಖಲೆಯ ಕಾಲಂನಲ್ಲೂ ಇಲ್ಲ. ಆದರೆ ಅವರ ಮನೆಯ ಒಲೆ ಉರಿಯುವುದು ಅದರಿಂದಲೇ. ದಡದಲ್ಲಿ ಗಜನಿ ಭೂಮಿಯಿದೆ. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ. ಯಾವಾಗ ಬಾಗಿಲು ಹಾಕಬೇಕು, ಯಾವಾಗ ತೆಗೆಯಬೇಕು, ಕಟ್ಟೆಯನ್ನು ಯಾರು ಸರಿಪಡಿಸಬೇಕು ಎಂಬುದನ್ನು ರೈತರು ಕೂಡಿಯೇ ನಿರ್ಧರಿಸುತ್ತಿದ್ದರು. ಒಬ್ಬನು ತನ್ನ ಗದ್ದೆಗೆ ಮಾತ್ರ ಉಪ್ಪುನೀರು ಬಿಟ್ಟುಕೊಳ್ಳುವುದು ಸಾಧ್ಯವಿಲ್ಲ. ಅದು ಪಕ್ಕದವನ ಭತ್ತವನ್ನು ಕೊಲ್ಲುತ್ತದೆ.

ಸಿಗಡಿಗೆ ಹೊರದೇಶದಲ್ಲಿ ಬೆಲೆ ಬಂದಾಗ ಈ ಒಪ್ಪಂದ ಸಡಿಲಾಯಿತು. ಹೆಚ್ಚು ಹಣ ಕೊಡುವವನಿಗೆ ಗದ್ದೆ ಹೋಯಿತು, ಭತ್ತ ಹಿಂದೆ ಸರಿಯಿತು. ಮಾರುಕಟ್ಟೆಯ ಲೆಕ್ಕದಲ್ಲಿ ಇದು ಸರಿ. ಆದರೆ ಗದ್ದೆಯ ಮಾಲೀಕನಿಗೆ ಸಿಕ್ಕ ಗೇಣಿಯಲ್ಲಿ, ಅದೇ ಗದ್ದೆಯಲ್ಲಿ ನಾಟಿ ಮಾಡಿ ಕೂಲಿ ಪಡೆಯುತ್ತಿದ್ದವಳಿಗೆ ಪಾಲಿರಲಿಲ್ಲ. ದೇಶದ ಇತರ ಕರಾವಳಿಗಳಲ್ಲಿಯೂ ಇದೇ ನಡೆಯುತ್ತಿದ್ದಾಗ ತಮಿಳುನಾಡಿನ ಗಾಂಧಿವಾದಿ ಎಸ್. ಜಗನ್ನಾಥನ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1996ರ ಡಿಸೆಂಬರ್ 11ರಂದು ಕೋರ್ಟು ಸಾಂಪ್ರದಾಯಿಕ ಪದ್ಧತಿಗಳನ್ನು ಬಿಟ್ಟು ಉಳಿದ ಸಿಗಡಿ ಕೆರೆಗಳನ್ನು ಕರಾವಳಿ ನಿಯಂತ್ರಣ ವಲಯದಿಂದ ತೆಗೆಯಬೇಕೆಂದಿತು. ಗೆರೆ ಬಡವರ ಪರವಾಗಿ ನಿಂತಿತು. ಆದರೆ 2005ರಲ್ಲಿ ಸಂಸತ್ತು ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ತಂದು ಆ ಗೆರೆಯನ್ನು ಸಡಿಲಿಸಿತು. ಅದೇ ದಶಕದಲ್ಲಿ ತದಡಿಗೆ 4000 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂತು. ಮೀನುಗಾರರು, ರೈತರು, ಪರಿಸರವಾದಿಗಳು ವಿರೋಧಿಸಿದರು, ಯೋಜನೆ ಅಲ್ಲಿಂದ ಹೋಯಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್‌ಸಾರ್ ಪಟ್ಟಿ ಸೇರಿತು. ಹರಾಜು ಕೂಗಿ ಯಾರು ಹೆಚ್ಚು ಕೊಡುತ್ತಾರೋ ಅವರಿಗೆ ಎಂದು ಬಿಟ್ಟಿದ್ದರೆ, ಆ ಹರಾಜಿನಲ್ಲಿ ಬಳಚು ಹೆಕ್ಕುವವಳು ಎಷ್ಟು ಕೂಗಬಲ್ಲಳು?

ಇಲ್ಲಿಯವರೆಗೆ ಬಂದ ಓದುಗರು ನಾನು ಸರಕಾರದ ಗೆರೆಯ ವಕೀಲನೆಂದು ಭಾವಿಸಬಹುದು. ಹಾಗಲ್ಲ. ಹೊನ್ನಾವರದ ಕಾಸರಕೋಡಿಗೆ ಬನ್ನಿ. 1991ರ ಅಧಿಸೂಚನೆಯಂತೆ ಹಳ್ಳಿಗಾಡಿನ ಕಡಲ ತೀರದಲ್ಲಿ ಭರತದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿರಲಿಲ್ಲ, ಹಳೆಯದನ್ನು ದುರಸ್ತಿ ಮಾಡಬಹುದಿತ್ತು ಅಷ್ಟೆ. ತಲೆಮಾರುಗಳಿಂದ ಮರಳಿನ ಮೇಲೆಯೇ ಬದುಕಿದ ಮೀನುಗಾರನ ಮಗ ಮದುವೆಯಾಗಿ ಬೇರೆ ಮನೆ ಮಾಡಬೇಕೆಂದರೆ ಅದು ಕಾನೂನುಬಾಹಿರ. 2011ರ ಅಧಿಸೂಚನೆ ಬಂದ ಮೇಲೆ 100ರಿಂದ 200 ಮೀಟರ್ ನಡುವೆ ಇಂಥ ಸಮುದಾಯಗಳಿಗೆ ಅವಕಾಶ ಸಿಕ್ಕಿತು. ಆದರೆ ಬಂದರಿನಂತಹ ಕಾಮಗಾರಿಗಳಿಗೆ ಮೊದಲಿನಿಂದಲೂ ಬಾಗಿಲು ತೆರೆದಿತ್ತು, ಏಕೆಂದರೆ ಅವುಗಳಿಗೆ ನೀರಿನ ಅಂಚು ಬೇಕೇ ಬೇಕು! ಮೀನುಗಾರನಿಗೆ ನೀರಿನ ಅಂಚು ಬೇಡವೇ?

ಶರಾವತಿ ಕಡಲು ಸೇರುವ ಕಾಸರಕೋಡ ಟೊಂಕದಲ್ಲಿ ಹೆಂಗಸರು ಮರಳಿನ ಮೇಲೆ ಮೀನು ಒಣಗಿಸುತ್ತಾರೆ. ಕಡಲಾಮೆಗಳು ಅದೇ ದಡಕ್ಕೆ ಬಂದು ಮೊಟ್ಟೆಯಿಡುತ್ತವೆ. ಅಲ್ಲಿಯೇ ಖಾಸಗಿ ಬಂದರಿನ ಯೋಜನೆ ಬಂದು, ಮೀನುಗಾರರು ವರ್ಷಗಟ್ಟಲೆ ಬೀದಿಗಿಳಿಯಬೇಕಾಯಿತು. ಅದೇ ಕಾಸರಕೋಡಿನ ಕಡಲ ತೀರಕ್ಕೆ 2020ರಲ್ಲಿ ಶುಚಿತ್ವ ಮತ್ತು ಪರಿಸರ ರಕ್ಷಣೆಗಾಗಿ ‘ಬ್ಲೂ ಫ್ಲ್ಯಾಗ್’ ಎಂಬ ಅಂತಾರಾಷ್ಟ್ರೀಯ ಮನ್ನಣೆಯೂ ಸಿಕ್ಕಿತು. ಒಂದೇ ಊರಿನ ಮರಳು ಒಂದು ನಕ್ಷೆಯಲ್ಲಿ ಪ್ರವಾಸಿಗಳ ಸೊತ್ತು, ಇನ್ನೊಂದರಲ್ಲಿ ಬಂದರಿನ ಸೊತ್ತು. ಅಲ್ಲಿ ಹುಟ್ಟಿದವರ ಜಾಗ ಯಾವ ನಕ್ಷೆಯಲ್ಲಿದೆ? ಇನ್ನು 2019ರ ಜನವರಿಯಲ್ಲಿ ಪ್ರಕಟವಾದ ಹೊಸ ಅಧಿಸೂಚನೆ, ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ತೀರಗಳಲ್ಲಿ 200 ಮೀಟರನ್ನು 50 ಮೀಟರಿಗೆ ಇಳಿಸಿತು. ಮೀನುಗಾರನಿಗೆ ಇಪ್ಪತ್ತು ವರ್ಷ ಅಲುಗಾಡದ ಗೆರೆ, ಬೇಡಿಕೆ ಬಂದಾಗ ಅಲುಗಾಡಿತು.

ಗೆರೆಯ ಚರಿತ್ರೆಯಲ್ಲಿ ಇದಕ್ಕಿಂತ ಕೆಟ್ಟ ಅಧ್ಯಾಯಗಳಿವೆ. ನ್ಯೂಯಾರ್ಕಿನಲ್ಲಿ 38 ಅಂತಸ್ತಿನ ಇಕ್ವಿಟಬಲ್ ಕಟ್ಟಡ ಎದ್ದುನಿಂತು ಸುತ್ತಲಿನ ಬೀದಿಗಳ ಬೆಳಕನ್ನು ನುಂಗಿದ ಮೇಲೆ 1916ರಲ್ಲಿ ಆ ನಗರ ವಲಯ ನಿಯಮ ಮಾಡಿತೆಂದು ಪಾಠ ಹೇಳುತ್ತಾರೆ. ಅದಕ್ಕೂ ಮುಂಚೆ, 1910ರಲ್ಲಿ, ಬಾಲ್ಟಿಮೋರ್ ನಗರ ಕರಿಯರು ಮತ್ತು ಬಿಳಿಯರು ಯಾವ ಬೀದಿಯಲ್ಲಿ ವಾಸಿಸಬೇಕೆಂದೇ ಗೆರೆ ಎಳೆದಿತ್ತು. ಇಂತಹ ನಿಯಮ ಅಸಾಂವಿಧಾನಿಕವೆಂದು ಅಲ್ಲಿನ ಸುಪ್ರೀಂ ಕೋರ್ಟು 1917ರಲ್ಲಿ ಹೇಳಿತು. ಆಗ ಜನ ಅದೇ ಷರತ್ತನ್ನು ಖಾಸಗಿ ಕ್ರಯಪತ್ರಗಳಲ್ಲಿ ಬರೆದುಕೊಂಡರು. ಅಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡಲಾಗದು ಎಂಬ ತೀರ್ಪು ಬರಲು 1948 ಬರಬೇಕಾಯಿತು. ಸರಕಾರದ ಗೆರೆಯನ್ನು ಅಳಿಸಿದೊಡನೆ ಸ್ವಾತಂತ್ರ್ಯ ಬರುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ನಮ್ಮಲ್ಲೂ ಎರಡೂ ಬಗೆಯವು ಇವೆ. ಗುಜರಾತಿನ 1991ರ ‘ಅಶಾಂತ ಪ್ರದೇಶ’ ಕಾಯ್ದೆಯಂತೆ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮನೆ ಮಾರಲು ಜಿಲ್ಲಾಧಿಕಾರಿಯ ಅನುಮತಿ ಬೇಕು. ಭಯದಿಂದ ಅಗ್ಗಕ್ಕೆ ಮಾರಿ ಓಡಬೇಕಾದವರನ್ನು ಕಾಪಾಡಲೆಂದು ಹೇಳಿದ ಕಾಯ್ದೆ, ಒಂದು ಸಮುದಾಯದವನು ಇನ್ನೊಂದು ಸಮುದಾಯದವನ ನೆರೆಯಲ್ಲಿ ಮನೆ ಕೊಳ್ಳದಂತೆ ತಡೆಯುವ ಗೋಡೆಯೂ ಆಯಿತು. ಇತ್ತ ಖಾಸಗಿ ಗೆರೆಯ ವಿಷಯದಲ್ಲಿ, ತನ್ನ ಸಮುದಾಯದವರಿಗೆ ಮಾತ್ರ ಸದಸ್ಯತ್ವವೆಂದ ಪಾರಸಿ ಗೃಹನಿರ್ಮಾಣ ಸಹಕಾರ ಸಂಘವೊಂದರ ನಿಯಮವನ್ನು 2005ರಲ್ಲಿ ನಮ್ಮ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ನಮ್ಮ ಊರುಗಳಲ್ಲಿ ಇದಕ್ಕೆ ಕಾಯ್ದೆಯೂ ಬೇಡ, ಕ್ರಯಪತ್ರವೂ ಬೇಡ. ಬಾಡಿಗೆ ಮನೆ ಕೇಳಲು ಹೋದಾಗ ಮೊದಲು ಹೆಸರು ಕೇಳುತ್ತಾರೆ, ಆಮೇಲೆ “ಮನೆ ಆಗಲೇ ಕೊಟ್ಟಾಯಿತು” ಎನ್ನುತ್ತಾರೆ. ಇದನ್ನು ಬೇರೆಯವರ ಮೇಲಿನ ದೂರಾಗಿ ಮಾತ್ರ ಬರೆದರೆ ಅಪ್ರಾಮಾಣಿಕತೆಯಾದೀತು. ನಮ್ಮ ಕೇರಿಯಲ್ಲೂ ಜಾಗ ಮಾರಾಟಕ್ಕೆ ಬಂದಾಗ ‘ನಮ್ಮವರೇ’ ಕೊಂಡರೆ ಒಳ್ಳೆಯದೆಂದು ಹಿರಿಯರು ಹೇಳುವುದನ್ನು ನಾನು ಕೇಳಿದ್ದೇನೆ, ಸುಮ್ಮನೆ ತಲೆಯಾಡಿಸಿಯೂ ಇದ್ದೇನೆ. ಬರೆದ ಗೆರೆಯನ್ನು ಓದಬಹುದು, ಪ್ರಶ್ನಿಸಬಹುದು, ಕೋರ್ಟಿಗೆ ಒಯ್ಯಬಹುದು. ಬರೆಯದ ಗೆರೆಗೆ ಮೇಲ್ಮನವಿಯಿಲ್ಲ. ಮುಕ್ತ ಮಾರುಕಟ್ಟೆ ಎನ್ನುವವರು ಇದಕ್ಕೂ ಉತ್ತರ ಹೇಳಬೇಕು. ಹಣವಿದ್ದರೂ ಮನೆ ಸಿಗದವನಿಗೆ ಆ ಮಾರುಕಟ್ಟೆ ಎಷ್ಟು ಮುಕ್ತ?

ಹಾಗಾದರೆ ಒಳ್ಳೆಯ ಗೆರೆ ಯಾವುದು? ಈ ಚರ್ಚೆ ಹೊಸದಲ್ಲ. ಹದಿನಾಲ್ಕನೆಯ ಶತಮಾನದ ಟ್ಯೂನಿಸ್‌ನಲ್ಲಿ ಇಬ್ನ್ ಅಲ್-ರಾಮಿ ಎಂಬ ಕಟ್ಟಡ ಕುಶಲಿಯಿದ್ದರು. ಕಟ್ಟಡ ವ್ಯಾಜ್ಯಗಳಲ್ಲಿ ನ್ಯಾಯಾಧೀಶರಿಗೆ ನೆರವಾಗುತ್ತಿದ್ದ ಅವರು ಈ ವಿಷಯದ ಬಗ್ಗೆ ಒಂದು ಗ್ರಂಥವನ್ನೇ ಬರೆದರು. ಅಲ್ಲಿ ಊರಿಗೆ ಬಣ್ಣ ಬಳಿದ ನಕ್ಷೆ ಇರಲಿಲ್ಲ. ಕೇಳುತ್ತಿದ್ದುದು, ನಿನ್ನ ಕೆಲಸದ ಹೊಗೆ, ದುರ್ವಾಸನೆ, ಗೋಡೆ ನಡುಗಿಸುವ ಸದ್ದು ನೆರೆಯವನಿಗೆ ಹಾನಿ ಮಾಡುತ್ತಿದೆಯೇ ಎಂದು. ಮಾಲೀಕತ್ವ ಅಲ್ಲಿ ದೊಡ್ಡ ಹಕ್ಕೇ ಆಗಿತ್ತು, ಆದರೆ ನೆರೆಯವನ ಹಾನಿ ಶುರುವಾಗುವಲ್ಲಿ ಅದು ನಿಲ್ಲುತ್ತಿತ್ತು. ಗಜನಿಯ ರೈತರೂ ಯಾವ ಗ್ರಂಥ ಓದದೆ ಇದನ್ನೇ ಪಾಲಿಸುತ್ತಿದ್ದರು.

ನೆರೆಯವರಿಬ್ಬರೂ ಒಬ್ಬರಿಗೊಬ್ಬರು ಗೊತ್ತಿದ್ದ ಕಾಲದಲ್ಲಿ ಈ ಪದ್ಧತಿ ಸಾಕಾಗುತ್ತಿತ್ತು. ಹಾನಿ ಮಾಡುವವನು ಎಲ್ಲೋ, ಅನುಭವಿಸುವವನು ಎಲ್ಲೋ ಇರುವ ಇಂದು ಅದೊಂದೇ ಸಾಲದು. ಗುಡ್ಡವನ್ನು ಕಡಿದವನೇ ಒಂದು ಕಡೆ, ಅದರ ಬುಡದಲ್ಲಿ ವಾಸಿಸುವವನೇ ಇನ್ನೊಂದು ಕಡೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಗಂಗಾವಳಿಯವರೆಗೆ ಜಾರಿದಾಗ ಸತ್ತವರಲ್ಲಿ ಯಾರೂ ಗುಡ್ಡದ ಬಗ್ಗೆ ನಿರ್ಧಾರ ಮಾಡಿದವರಲ್ಲ. ಸತ್ತ ಮೇಲೆ ಪರಿಹಾರ ಕೇಳಬಹುದು. ಆದರೆ ಕೆಲವು ಹಾನಿಗಳಿಗೆ ಪರಿಹಾರವೆಂಬುದಿಲ್ಲ, ಮೊದಲೇ ತಡೆಯಬೇಕು. ಅದಕ್ಕಾಗಿ ಮೊದಲೇ ಎಳೆದ ಗೆರೆ ಬೇಕು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ವಲಯ ನಿಯಮ ಬೇಕು, ಆದರೆ ಮೂರು ಷರತ್ತಿನ ಮೇಲೆ. ಮೊದಲನೆಯದು, ಅದು ಹಾನಿಯನ್ನು ತಡೆಯಬೇಕೇ ಹೊರತು ಮನುಷ್ಯರನ್ನಲ್ಲ. ನೀರಿನ ದಾರಿ, ಗುಡ್ಡದ ಇಳಿಜಾರು, ಬಾವಿಯ ಪಕ್ಕದ ಮಲಿನ ಗುಂಡಿ, ಇವುಗಳ ಬಗ್ಗೆ ಕಟ್ಟುನಿಟ್ಟಾಗಿರಲಿ. ಯಾರು ಎಲ್ಲಿ ವಾಸಿಸಬೇಕೆಂಬ ಬಗ್ಗೆ ಬಾಯಿ ಹಾಕದಿರಲಿ. ಎರಡನೆಯದು, ಗೆರೆ ಎಳೆಯುವ ಮೊದಲು ಹಕ್ಕುಪತ್ರವಿಲ್ಲದವರನ್ನೂ ಕೇಳಬೇಕು. ಮೂರನೆಯದು, ಅದು ಮಾರಾಟಕ್ಕಿರಬಾರದು. ನಮ್ಮ ರಾಜ್ಯ 2007ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ದಂಡ ಕಟ್ಟಿಸಿಕೊಂಡು ಅಕ್ರಮವನ್ನು ಸಕ್ರಮ ಮಾಡಲು ಹೊರಟಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು. ಬಡವನ ಒಂದು ಕೋಣೆಯ ಅಕ್ರಮಕ್ಕೆ ದಯೆ ಬೇಕು, ನಿಜ. ಆದರೆ ದಂಡ ಕಟ್ಟಿದರೆ ಸಾಕೆಂದಾದರೆ ನಿಯಮವು ಹಣವಿದ್ದವನ ಪಾಲಿಗೆ ಒಂದು ಶುಲ್ಕ, ಇಲ್ಲದವನ ಪಾಲಿಗೆ ಮಾತ್ರ ಕಾನೂನು. ಕೊಚ್ಚಿಯ ಮರಡುವಿನಲ್ಲಿ ಸಿ.ಆರ್.ಝಡ್. ಮೀರಿ ಎದ್ದ ಬಹುಮಹಡಿ ಕಟ್ಟಡಗಳನ್ನು 2020ರ ಜನವರಿಯಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಕಟ್ಟುವಾಗ ಮಲಗಿದ್ದ ಕಾನೂನು, ನಂಬಿ ಮನೆ ಕೊಂಡವರು ಒಳಗೆ ಬಂದ ಮೇಲೆ ಎದ್ದಿತು. ಗೆರೆ ಇಲ್ಲದಿರುವುದಕ್ಕಿಂತ ಇದು ಉತ್ತಮವೆಂದು ಹೇಗೆ ಹೇಳೋಣ?

ಇಷ್ಟೆಲ್ಲ ಬರೆದ ಮೇಲೂ ಒಂದು ಮಾತು ಉಳಿಯುತ್ತದೆ. ನನ್ನ ಗದ್ದೆಯನ್ನು ತುಂಬಿಸಲು ನಾನು ಕಾಗದಪತ್ರಗಳನ್ನೆಲ್ಲ ಸರಿಯಾಗಿಯೇ ಮಾಡಿಸಿದ್ದೆ. ಕಾನೂನಿನ ಕಣ್ಣಲ್ಲಿ ನಾನು ತಪ್ಪಿತಸ್ಥನಲ್ಲ. ಮಾರುಕಟ್ಟೆಯ ಕಣ್ಣಲ್ಲಿಯೂ ಅಲ್ಲ. ಎರಡೂ ನನ್ನನ್ನು ಬಿಟ್ಟುಬಿಟ್ಟವು. ಆ ವೃದ್ಧೆಯ ಒಂದು ಪ್ರಶ್ನೆ ಮಾತ್ರ ಬಿಡಲಿಲ್ಲ. ನಿಯಮ ಎಷ್ಟೇ ಚೆನ್ನಾಗಿರಲಿ, ನೆರೆಯವರನ್ನು ಒಮ್ಮೆ ಕೇಳುವ ಕೆಲಸವನ್ನು ಅದು ನಮ್ಮ ಬದಲಿಗೆ ಮಾಡಿಕೊಡಲಾರದು.

ಮುಂದಿನ ಬೇಸಿಗೆಯಲ್ಲಿ ಪಾಗಾರದ ಒಂದು ಮೂಲೆಯನ್ನು ಒಡೆಸಿ, ಅಂಗಳದ ಅಂಚಿನಲ್ಲಿ ಕಾಲುವೆ ತೋಡಿಸಿ, ನೀರನ್ನು ಹಳ್ಳಕ್ಕೆ ಸೇರಿಸಿದೆ. ಎರಡು ತೆಂಗಿನ ಗಿಡ ಹೋದವು. ರಜೆಯಲ್ಲಿ ಬಂದ ಸಂಬಂಧಿಯೊಬ್ಬರು, “ನಿಮ್ಮದೇ ಜಾಗವನ್ನು ಯಾಕೆ ಹಾಳು ಮಾಡಿಕೊಂಡಿರಿ ಭಾಯಿ?” ಎಂದು ಕೇಳಿದರು. ಜಾಗ ನನ್ನದೇ, ಆದರೆ ನೀರು ನನ್ನದಲ್ಲ ಎಂದೆ. ಅಂದಿನಿಂದ ಹಿಂದಿನ ಮನೆಯ ಅಡುಗೆಮನೆಗೆ ನೀರು ನುಗ್ಗಿಲ್ಲ.